ನೆಗಡಿಯೋ, ಫ್ಲೂ ಜ್ವರವೋ? ಬಂದ ರೀತಿ ನೋಡಿ!

ಮಳೆ ಹಿಡಿದರೆ ಸಾಕು, ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಕೆಮ್ಮು, ಸೀನು ಶುರು. ಕೇಳಿದರೆ ಎಲ್ಲರದೂ ಒಂದೇ ಉತ್ತರ: ‘ಏನಿಲ್ಲ ಸಾರ್, ಸ್ವಲ್ಪ ನೆಗಡಿ.’ ಔಷಧಿ ಅಂಗಡಿಗೆ ಹೋಗಿ ‘ಒಂದು ಸೆಟ್ ಮಾತ್ರೆ ಕೊಡಿ’ ಅನ್ನುವುದು, ನುಂಗಿ ಮತ್ತೆ ಗಲ್ಲಾ ಮೇಲೆ ಕೂರುವುದು. ನಿಜಕ್ಕೂ ನೆಗಡಿಯಾಗಿದ್ದರೆ ಚಿಂತೆಯಿಲ್ಲ. ಮದ್ದು ತಗೊಂಡರೆ ಏಳು ದಿನ, ತಗೊಳ್ಳದಿದ್ದರೆ ಒಂದು ವಾರ ಅಂತ ಹಿರಿಯರು ನಗುವುದು ಸುಳ್ಳಲ್ಲ. ಆದರೆ ಅದು ಫ್ಲೂ ಆಗಿದ್ದರೆ?

ನಮ್ಮ ಜಿಲ್ಲೆಯವರಿಗೆ ಇದು ದೂರದ ಮಾತಲ್ಲ. 2023ರ ಮಾರ್ಚ್ 1ರಂದು ಹಾಸನ ಜಿಲ್ಲೆಯ ವೃದ್ಧರೊಬ್ಬರು ತೀರಿಕೊಂಡರು. ಪರೀಕ್ಷೆಯಲ್ಲಿ ಸಿಕ್ಕಿದ್ದು ಎಚ್3ಎನ್2. ಇದೇನು ಹೊಸ ಭೂತವಲ್ಲ. 1968ರಿಂದಲೂ ಜನರ ನಡುವೆ ಓಡಾಡಿಕೊಂಡಿರುವ ಫ್ಲೂ ವೈರಸ್ಸು.

ಗುರುತು ಹಿಡಿಯುವುದು ಹೇಗೆ? ಬಂದ ರೀತಿ ನೋಡಿ. ನೆಗಡಿ ನೆಂಟರ ಹಾಗೆ, ಹೇಳಿಕಳಿಸಿ ಬರುತ್ತದೆ. ಮೊದಲು ಗಂಟಲು ಕೆರೆತ, ಆಮೇಲೆ ಸೀನು, ಮಾರನೇ ದಿನ ಮೂಗು ಸೋರುವುದು. ದೊಡ್ಡವರಿಗೆ ಜ್ವರ ಬರುವುದು ಕಡಿಮೆ. ಬಂದರೂ ಮೈ ಬೆಚ್ಚಗಾಗುವಷ್ಟೇ.

ಫ್ಲೂ ಹಾಗಲ್ಲ. ತೆರಿಗೆ ಇಲಾಖೆಯ ದಾಳಿಯ ಹಾಗೆ, ಹೇಳದೆ ಕೇಳದೆ ನುಗ್ಗುತ್ತದೆ. ಬೆಳಿಗ್ಗೆ ಶಟರ್ ಎತ್ತಿದವನು ಮಧ್ಯಾಹ್ನಕ್ಕೆ ಕಂಬಳಿ ಹೊದ್ದು ಮಲಗುತ್ತಾನೆ. 101, 102 ಡಿಗ್ರಿ ಜ್ವರ, ಚಳಿ ನಡುಕ, ತಲೆ ಸಿಡಿತ, ಒಣ ಕೆಮ್ಮು, ಮೈಕೈಯೆಲ್ಲ ಒನಕೆಯಲ್ಲಿ ಕುಟ್ಟಿದ ಹಾಗೆ ನೋವು. ಜ್ವರ ಬಿಟ್ಟರೂ ಸುಸ್ತು ಒಂದೆರಡು ವಾರ ಬಿಡದು. ಡೆಂಗಿ, ಕೋವಿಡ್ ಕೂಡ ಹೀಗೇ ಶುರುವಾಗುವುದುಂಟು. ಆದ್ದರಿಂದ ಕೊನೆಯ ಮಾತು ಡಾಕ್ಟರದ್ದೇ.

ಅವರ ಹತ್ತಿರ ಬೇಗ ಹೋಗಬೇಕು ಅನ್ನುವುದಕ್ಕೂ ಕಾರಣವಿದೆ. ಫ್ಲೂಗೆ ಒಸೆಲ್ಟಾಮಿವಿರ್ ಎಂಬ ಮಾತ್ರೆ ಉಂಟು. ಕಾಯಿಲೆ ಶುರುವಾದ 48 ಗಂಟೆಯೊಳಗೆ ಆರಂಭಿಸಿದರೆ ಗುಣ ಹೆಚ್ಚು. ‘ಸೆಟ್ ಮಾತ್ರೆ’ಯಲ್ಲಿ ಆಂಟಿಬಯಾಟಿಕ್ ಸೇರಿದ್ದರೆ ಅದು ನೆಗಡಿಗೂ ನಾಟುವುದಿಲ್ಲ, ಫ್ಲೂಗೂ ನಾಟುವುದಿಲ್ಲ. ಎರಡೂ ವೈರಸ್ಸಿನಿಂದ ಬರುವಂಥವು. ಆಂಟಿಬಯಾಟಿಕ್ ಇರುವುದು ಬ್ಯಾಕ್ಟೀರಿಯಾಕ್ಕೆ. ‘ನೋಡೋಣ, ನೋಡೋಣ’ ಅನ್ನುವುದರಲ್ಲೇ ಆ ಎರಡು ದಿನ ಕಳೆದುಹೋಗುತ್ತದೆ.

65 ದಾಟಿದವರು, ಬಸುರಿಯರು, 5 ವರ್ಷದೊಳಗಿನ ಮಕ್ಕಳು, ಸಕ್ಕರೆ ಕಾಯಿಲೆ, ಉಬ್ಬಸ, ಹೃದಯದ ತೊಂದರೆ ಇರುವವರು ಕಾಯಲೇಬಾರದು. ಉಸಿರಾಡುವುದು ಕಷ್ಟವಾದರೆ, ಎದೆ ನೋವು ಬಂದರೆ, ಮಾತು ಎಲ್ಲೆಲ್ಲೋ ಹೋದರೆ, ಬಿಟ್ಟ ಜ್ವರ ಮತ್ತೆ ಏರಿದರೆ, ಯಾರೇ ಆಗಲಿ, ಆಸ್ಪತ್ರೆಗೆ ಓಡಬೇಕು. ವರ್ಷಕ್ಕೊಮ್ಮೆ ಹಾಕಿಸಿಕೊಳ್ಳುವ ಫ್ಲೂ ಲಸಿಕೆಯೂ ಇದೆ, ಡಾಕ್ಟರನ್ನು ಕೇಳಿ.

ಫ್ಲೂ ತಗುಲಿದವನು ಜ್ವರ ಕಾಣುವ ಒಂದು ದಿನ ಮೊದಲಿನಿಂದಲೇ ರೋಗ ಹಂಚಲು ಶುರು ಮಾಡಿ, ಆಮೇಲೂ ಐದಾರು ದಿನ ಹಂಚುತ್ತಾನೆ. ಜ್ವರ ಇದ್ದರೆ ರಶ್ ಬಸ್ ಹತ್ತಬೇಡಿ. ಹತ್ತಲೇಬೇಕಾದರೆ ಮಾಸ್ಕ್ ಹಾಕಿ. ನಾಲ್ಕು ದಿನದ ವ್ಯಾಪಾರ ಹೋದರೆ ಹೋಗಲಿ ಸ್ವಾಮಿ, ಇನ್ನೊಂದು ತಿಂಗಳಲ್ಲಿ ದುಡಿದುಕೊಳ್ಳಬಹುದು. ಮನೆಯಲ್ಲಿರುವ ವಯಸ್ಸಾದ ಅಪ್ಪ ಅಮ್ಮನನ್ನು ಹಾಗೆ ದುಡಿದು ತರಲಾಗದು.