ಶಾಲೆಯ ಹಿತ್ತಿಲ ಕಿರುವನ

ಮಳೆಗಾಲ ಬಂತೆಂದರೆ ಶಾಲೆಗಳಲ್ಲಿ ಸಸಿ ನೆಡುವ ಸಂಭ್ರಮ. 1950ರಲ್ಲಿ ಕೇಂದ್ರ ಸಚಿವರಾಗಿದ್ದ ಕೆ. ಎಂ. ಮುನ್ಶಿಯವರು ವನಮಹೋತ್ಸವಕ್ಕೆ ನಾಂದಿ ಹಾಡಿದಂದಿನಿಂದ ಈ ಪದ್ಧತಿ ನಡೆದುಬಂದಿದೆ. ಸಂತೋಷವೇ ಸರಿ. ಆದರೆ ಮುಂಬಯಿ, ಪುಣೆಗಳ ಹಳೆಯ ಶಾಲೆಗಳ ಹಿತ್ತಿಲಲ್ಲಿ ಹತ್ತಿಪ್ಪತ್ತು ಮರಗಳು ಆಗಲೇ ಬೆಳೆದು ನಿಂತಿರುವುದುಂಟು. ಅವುಗಳ ಗತಿಯೇನು? ಹೊಸ ಸಸಿಗೆ ಸಮಾರಂಭ, ಹಳೆಯ ಮರದ ಬುಡಕ್ಕೆ ಸಿಮೆಂಟು! ನಮ್ಮ ವಾಚಕರಲ್ಲಿ ಪಾಲಕರೂ ಶಿಕ್ಷಕರೂ ಶಾಲಾ ಆಡಳಿತ ಮಂಡಳಿಯ ಸದಸ್ಯರೂ ಇರುವುದರಿಂದ ಈ ನಾಲ್ಕು ಮಾತು.

ಕಿರುವನವನ್ನು ಕಾಪಾಡುವುದೆಂದರೆ ಮುಖ್ಯವಾಗಿ ಪೊರಕೆಯನ್ನು ತಡೆಯುವುದು. ನಾವು ಕಸವೆನ್ನುವುದು ಕಾಡಿಗೆ ಆಹಾರ. ಉದುರಿದ ತರಗೆಲೆಯನ್ನು ಎರೆಹುಳು, ಗೆದ್ದಲು, ಅಣಬೆಗಳು ಮಣ್ಣಾಗಿಸುತ್ತವೆ. ಆ ಮಣ್ಣು ಮಳೆಯ ನೀರನ್ನು ಹಿಡಿದಿಡುತ್ತದೆ. ಹರಟೆಮಲ್ಲ ಹಕ್ಕಿಗಳು ಗುಂಪಾಗಿ ಬಂದು ಎಲೆ ಮಗುಚಿ ಹುಳು ಹೆಕ್ಕುತ್ತವೆ. ತರಗೆಲೆಗೆ ಬೆಂಕಿಯಿಟ್ಟರೆ ಇದೆಲ್ಲವೂ ಹೋಗಿ, ಉಳಿಯುವುದು ಮಕ್ಕಳ ಕೆಮ್ಮು ಮಾತ್ರ.

ಒಣಗಿದ ಕೊಂಬೆಯೂ ನಿರುಪಯೋಗಿಯಲ್ಲ. ಬೇಸಗೆಯಲ್ಲಿ ‘ಟುಕ್ ಟುಕ್’ ಎಂದು ಕೂಗುವ ಕಂಚುಗಾರ ಹಕ್ಕಿ ಗೂಡು ಕೊರೆಯುವುದು ಇಂಥ ಕೊಂಬೆಯಲ್ಲೇ. ಮಡಿವಾಳ, ಗೊರವಂಕ, ಗಿಳಿಗಳಿಗೂ ಪೊಟರೆಗಳೇ ಮನೆ. ದಾರಿಯ ಮೇಲೆ ಬಾಗಿದ ಕೊಂಬೆಯನ್ನು ತೆಗೆಯಲೇಬೇಕು. ಮಕ್ಕಳು ಸುಳಿಯದ ಮೂಲೆಯಲ್ಲಿದ್ದುದನ್ನು ಬಿಡಬಹುದು. ಮಹಾರಾಷ್ಟ್ರದ ನಗರಗಳಲ್ಲಿ 1975ರ ಮರ ಸಂರಕ್ಷಣಾ ಕಾಯಿದೆ ಇರುವುದರಿಂದ ಕಡಿಯುವ ಮುನ್ನ ನಗರಪಾಲಿಕೆಯ ಅನುಮತಿ ಪಡೆಯಬೇಕು. ಗೂಡಿದೆಯೇ ಎಂದೂ ನೋಡಿಕೊಳ್ಳಬೇಕು.

ಮರಗಳ ಕೆಳಗೆ ಪೊದೆಗಳಿರಲಿ. ನಿಂಬೆ, ಕರಿಬೇವು ನೆಟ್ಟರೆ ಚಿಟ್ಟೆಗಳು ತಾವಾಗಿಯೇ ಬಂದು ಮೊಟ್ಟೆಯಿಡುತ್ತವೆ. ನಿಂಬೆಚಿಟ್ಟೆಯ ಮರಿಹುಳು ಮೊದಲು ಹಕ್ಕಿಯ ಹಿಕ್ಕೆಯಂತೆ ಕಂಡು ಶತ್ರುವನ್ನು ವಂಚಿಸುತ್ತದೆ, ಬಲಿತ ಮೇಲೆ ಎಲೆಯ ಹಸಿರನ್ನು ತಾಳುತ್ತದೆ. ಇದನ್ನು ಕಣ್ಣಾರೆ ಕಂಡ ಬಾಲಕನಿಗೆ ಆ ಪಾಠವನ್ನು ಬಾಯಿಪಾಠ ಮಾಡಿಸಬೇಕಿಲ್ಲ. ಗುಲ್‌ಮೊಹರ್ ಮಡಗಾಸ್ಕರಿನದೆಂದು ಕಡಿಯುವುದು ಬೇಡ. ತೆರವಿರುವಲ್ಲಿ ಹೊಂಗೆ, ಮುತ್ತುಗ, ಬಿಲ್ವ, ಅತ್ತಿಗಳನ್ನು ನೆಟ್ಟರೆ ಸಾಕು.

ಎಲ್ಲಕ್ಕಿಂತ ದೊಡ್ಡ ಅಪಾಯ ಕಾಂಕ್ರೀಟಿನದು. ಬುಡ ಮುಚ್ಚಿದರೆ ಬೇರಿಗೆ ನೀರೂ ಇಲ್ಲ, ಗಾಳಿಯೂ ಇಲ್ಲ. ಸೊರಗಿದ ಮರ ಬಿರುಗಾಳಿಗೆ ಉರುಳುವ ಭಯ ಹೆಚ್ಚು. ದಿಲ್ಲಿಯ ಮರಗಳ ಸುತ್ತ ಒಂದು ಮೀಟರಿನಷ್ಟು ಕಾಂಕ್ರೀಟು ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಆಜ್ಞಾಪಿಸಿತು. ಯಾವ ಊರಿನ ಶಾಲೆಯಾದರೂ ಇದನ್ನು ಪಾಲಿಸಬಹುದು.

ಹಾವು, ಸೊಳ್ಳೆಗಳ ಭಯ ತಾಯ್ತಂದೆಯರಿಗೆ ಸಹಜ. ಅದನ್ನು ಹಗುರವಾಗಿ ಕಾಣಲಾಗದು. ಕಾಲುದಾರಿಯನ್ನು ಅಗಲವಾಗಿ, ಚೊಕ್ಕವಾಗಿ ಇಡಬೇಕು, ತರಗೆಲೆ ಅದರಾಚೆಗಿರಲಿ. ಮರದ ದಿಮ್ಮಿಯ ಕೆಳಗೆ ಕೈ ಹಾಕಬಾರದೆಂದು ಮಕ್ಕಳಿಗೆ ತಿಳಿಹೇಳಬೇಕು. ಹಕ್ಕಿಗಳಿಗಿಡುವ ನೀರನ್ನು ದಿನವೂ ಬದಲಿಸಬೇಕು. ಶಿಕ್ಷಕರಿಲ್ಲದೆ ಮಕ್ಕಳು ಒಳಹೋಗಬಾರದು.

ಇನ್ನು ಕಲಿಕೆ. ತರಗತಿಗೊಂದು ಮರ, ಮರಕ್ಕೊಂದು ಪುಸ್ತಕ. ಚಿಗುರಿದ್ದು, ಹೂಬಿಟ್ಟದ್ದು, ಬಂದ ಹಕ್ಕಿ—ಎಲ್ಲವನ್ನೂ ತಾರೀಖಿನೊಡನೆ ಬರೆಯುವುದು. ವರ್ಷ ತುಂಬಿದಾಗ ಪುಸ್ತಕ ಮುಂದಿನ ತರಗತಿಯ ಕೈಗೆ. ಹತ್ತು ವರ್ಷಗಳಲ್ಲಿ ಅದು ಆ ಊರಿನ ಋತುಗಳ ಚರಿತ್ರೆಯೇ ಆದೀತು. ಸೀಸನ್‌ವಾಚ್ ಎಂಬ ಯೋಜನೆಯಲ್ಲಿ ಕೇರಳದ ಬಹುಮಂದಿ ಶಾಲಾಮಕ್ಕಳು ಹೀಗೆಯೇ ಮರಗಳನ್ನು ಗಮನಿಸಿ ಬರೆದಿಟ್ಟಿದ್ದಾರೆ. ಆಂಧ್ರದ ಮದನಪಲ್ಲಿಯ ಬಳಿಯ ಋಷಿವ್ಯಾಲಿ ಶಾಲೆಯವರು ಬರಡು ನೆಲದಲ್ಲಿ ಮರ ಬೆಳೆಸಿದರು. 1991ರಲ್ಲಿ ಆ ಕಣಿವೆ ಪಕ್ಷಿಧಾಮವೆಂದು ಘೋಷಿತವಾಯಿತು.

ನಮ್ಮ ಶಾಲೆಗಳಿಗೆ ಅಷ್ಟು ನೆಲವಿಲ್ಲ, ನಿಜ. ಇರುವ ಹತ್ತು ಮರಗಳನ್ನಾದರೂ ಉಳಿಸಿಕೊಳ್ಳೋಣ. ಮುಂದಿನ ಪಾಲಕರ ಸಭೆಯಲ್ಲಿ ಹಿತ್ತಿಲಿಗೆ ಕಾಂಕ್ರೀಟು ಹಾಕುವ ಮಾತು ಬಂದರೆ, ಮರಗಳ ಪರವಾಗಿ ಒಬ್ಬರಾದರೂ ಎದ್ದು ನಿಂತು ಮಾತನಾಡಬೇಕೆಂದು ನಮ್ಮ ವಿನಂತಿ.