ಪಿಯುಸಿ ಮುಗಿಯುವವರೆಗೆ ರೈಲು ಪಾಸ್ ಉಚಿತ

ರೈಲ್ವೆಯ ಒಂದು ನಿಯಮ ನಮ್ಮ ಕಾಲೇಜಿನಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಹನ್ನೆರಡನೇ ತರಗತಿಯವರೆಗೆ ಓದುವ ಹುಡುಗರಿಗೂ, ಪದವಿಯವರೆಗೆ ಓದುವ ಹುಡುಗಿಯರಿಗೂ, ಮನೆಯಿಂದ ಓದುವ ಜಾಗಕ್ಕೆ ಹೋಗಿ ಬರಲು ಎರಡನೇ ದರ್ಜೆಯ ಮಾಸಿಕ ಸೀಸನ್ ಟಿಕೆಟ್ ಉಚಿತ. ರಿಯಾಯಿತಿ ಅಲ್ಲ, ಪೂರ್ತಿ ಉಚಿತ. ಈ ಮಟ್ಟಕ್ಕೆ ಅದನ್ನು ವಿಸ್ತರಿಸಿದ್ದು 2008-09ರ ರೈಲ್ವೆ ಬಜೆಟ್‌ನಲ್ಲಿ, ಲಾಲು ಪ್ರಸಾದ್ ಮಂತ್ರಿಯಾಗಿದ್ದಾಗ. ಮರುವರ್ಷ ಮಮತಾ ಬ್ಯಾನರ್ಜಿ ಮದರಸಾ ವಿದ್ಯಾರ್ಥಿಗಳನ್ನೂ ಇದಕ್ಕೆ ಸೇರಿಸಿದರು. ಅಂದರೆ ನಮ್ಮಲ್ಲಿ ಹೆಚ್ಚಿನವರು ಹುಟ್ಟಿದ ಕಾಲದ ನಿಯಮ ಇದು.

ನಾನು ಇದನ್ನು ಹುಡುಕಿದ್ದು ಅಗತ್ಯ ಬಿದ್ದು. ಕಳೆದ ವರ್ಷ ಜಾಲಹಳ್ಳಿಯಲ್ಲಿ ಮನೆ ಬಾಡಿಗೆ ಹೆಚ್ಚಿದ ಮೇಲೆ ನಾವು ತುಮಕೂರಿನ ಕ್ಯಾತ್ಸಂದ್ರಕ್ಕೆ ಹೋದೆವು. ಕಾಲೇಜು ಬದಲಿಸಲಿಲ್ಲ, ಯಾಕೆಂದರೆ ಪ್ರಥಮ ಪಿಯು ಆಗಲೇ ಮುಗಿದಿತ್ತು. ಕ್ಯಾತ್ಸಂದ್ರ ಸಿದ್ಧಗಂಗಾ ಮಠದ ಪಕ್ಕದ ಸ್ಟೇಷನ್. ಅಲ್ಲಿಂದ ಹಿರೇಹಳ್ಳಿ, ನಿಡುವಂದ, ದೊಡ್ಡಬೆಲೆ, ಗೊಲ್ಲಹಳ್ಳಿ, ಸೋಲದೇವನಹಳ್ಳಿ ದಾಟಿ ಚಿಕ್ಕಬಾಣಾವರ, ಆಮೇಲೆ ಯಶವಂತಪುರ. ಬೆಳಗಿನ ಗಾಡಿಯಲ್ಲಿ ಪೀಣ್ಯದ ಕಾರ್ಖಾನೆಗೆ ಹೋಗುವವರು, ಸರ್ಕಾರಿ ಕಚೇರಿಯವರು, ನರ್ಸಿಂಗ್ ಹುಡುಗಿಯರು, ಹೂವಿನ ಬುಟ್ಟಿಯವರು ಎಲ್ಲರೂ ಇರುತ್ತಾರೆ. ತುಮಕೂರಿನಲ್ಲಿ ಜೀವನ, ಬೆಂಗಳೂರಿನಲ್ಲಿ ಸಂಬಳ ಅನ್ನುವ ಜನ ಇವರು. ದಿನವೂ ಓಡಾಡುವವರು ತುಮಕೂರು-ಬೆಂಗಳೂರು ರೈಲ್ವೆ ಪ್ರಯಾಣಿಕರ ವೇದಿಕೆ ಅಂತ ಮಾಡಿಕೊಂಡಿದ್ದಾರೆ. ರಂಜಾನ್ ತಿಂಗಳಲ್ಲಿ ಸಂಜೆ ಗಾಡಿಯಲ್ಲಿ ಇಫ್ತಾರ್ ಹೊತ್ತಾದರೆ ನನ್ನ ಖರ್ಜೂರ ಆ ಕಡೆ ಹೋಗುತ್ತದೆ, ಅವರ ಚಕ್ಕುಲಿ ಈ ಕಡೆ ಬರುತ್ತದೆ.

ಮೊದಲು ಸೀಸನ್ ಟಿಕೆಟ್ ಲೆಕ್ಕ ಹೇಳುತ್ತೇನೆ. ಎರಡು ನಿಲ್ದಾಣಗಳ ನಡುವೆ ಒಂದು ತಿಂಗಳು ಎಷ್ಟು ಸಲ ಬೇಕಾದರೂ ಓಡಾಡಲು ಕೊಡುವ ಟಿಕೆಟ್ ಎಂಎಸ್‌ಟಿ. 150 ಕಿಲೋಮೀಟರ್‌ವರೆಗೆ ಸಿಗುತ್ತದೆ. ಯಶವಂತಪುರದಿಂದ ತುಮಕೂರು ಅದರ ಅರ್ಧವೂ ಇಲ್ಲ. ಮೂರು ತಿಂಗಳದ್ದನ್ನು ಒಟ್ಟಿಗೆ ತೆಗೆದುಕೊಂಡರೆ ಮಾಸಿಕ ದರದ 2.7 ಪಟ್ಟು ಮಾತ್ರ, ಅಂದರೆ ಶೇ. 10 ಉಳಿತಾಯ. ಹನ್ನೆರಡನೇ ತರಗತಿ ದಾಟಿದ ಹುಡುಗರಿಗೆ, ಉದಾಹರಣೆಗೆ ಮುಂದಿನ ವರ್ಷ ಬಿ.ಕಾಂ. ಸೇರುವ ನನಗೆ, ಉಚಿತ ಇಲ್ಲ, ವಿದ್ಯಾರ್ಥಿ ಪಾಸ್ ಅರ್ಧ ಬೆಲೆಗೆ. ರಿಸರ್ವೇಷನ್ ಬೋಗಿಗೆ ಈ ಪಾಸ್ ಸಾಮಾನ್ಯವಾಗಿ ನಡೆಯುವುದಿಲ್ಲ, ಸೂಪರ್‌ಫಾಸ್ಟ್ ಗಾಡಿಗೆ ಬೇರೆ ಶುಲ್ಕ ಇದೆ. ಪಾಸ್ ಇಲ್ಲದೆ, ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ ಕನಿಷ್ಠ 250 ರೂಪಾಯಿ ದಂಡ, ಅದರ ಮೇಲೆ ಟಿಕೆಟ್ ದರ.

ಇಷ್ಟು ಅಗ್ಗವಾಗಿ ಹೇಗೆ ಕೊಡುತ್ತಾರೆ ಅಂತ ಮನೆಯಲ್ಲಿ ಅಬ್ಬಾ ಕೇಳಿದರು. ಅಂಗಡಿ ನಡೆಸುವವರಿಗೆ ಇದು ಅನುಮಾನದ ವಿಷಯವೇ. ಉತ್ತರ ನಮ್ಮ ಪುಸ್ತಕದಲ್ಲೇ ಇದೆ: ಕ್ರಾಸ್ ಸಬ್ಸಿಡಿ. ರೈಲ್ವೆ ಕಲ್ಲಿದ್ದಲು, ಅದಿರು, ಸಿಮೆಂಟು ಸಾಗಿಸಿ ಲಾಭ ಮಾಡುತ್ತದೆ, ಪ್ರಯಾಣಿಕರಿಂದ ಆಗುವ ನಷ್ಟವನ್ನು ಅದರಲ್ಲಿ ತುಂಬಿಕೊಳ್ಳುತ್ತದೆ. ಮೆಟ್ರೋಗೆ ಸರಕು ಸಾಗಣೆ ಇಲ್ಲ, ಅದರ ದೊಡ್ಡ ಆದಾಯ ಟಿಕೆಟ್ಟೇ. 2025ರ ಫೆಬ್ರವರಿಯಲ್ಲಿ ನಮ್ಮ ಮೆಟ್ರೋ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿದ್ದು ನೆನಪಿರಬಹುದು. ಅದೇ ರೈಲ್ವೆಯಲ್ಲಿ ಆದದ್ದು ಉಲ್ಟಾ. ಕೊರೊನಾ ನಂತರ ಪ್ಯಾಸೆಂಜರ್ ಗಾಡಿಗಳಿಗೆ ಎಕ್ಸ್‌ಪ್ರೆಸ್ ದರ ಹಾಕಿ ಕನಿಷ್ಠ ಟಿಕೆಟ್ 30 ರೂಪಾಯಿ ಮಾಡಿದ್ದರು, 2024ರ ಫೆಬ್ರವರಿಯಲ್ಲಿ ಮತ್ತೆ 10ಕ್ಕೆ ಇಳಿಸಿದರು.

ಈಗ ತೊಂದರೆ ಎಲ್ಲಿದೆ ಅಂತ ನೋಡೋಣ. ಉಚಿತ ಪಾಸ್ ಕೇಳಿದಾಗ ಒಂದು ಕೌಂಟರಿನಲ್ಲಿ ನನಗೆ ಸಿಕ್ಕ ಉತ್ತರ: "ಅದು ಸ್ಕೂಲ್ ಮಕ್ಕಳಿಗೆ, ಕಾಲೇಜಿಗೆ ಇಲ್ಲ." ಅವರು ಬೇಕಂತ ಹೇಳಿದ್ದಲ್ಲ. ದೇಶದ ಬಹಳ ರಾಜ್ಯಗಳಲ್ಲಿ 11 ಮತ್ತು 12 ಶಾಲೆಯೊಳಗೇ ಇರುತ್ತವೆ. ನಮ್ಮ ಕರ್ನಾಟಕದಲ್ಲಿ ಅದೇ ತರಗತಿಗೆ ಪದವಿಪೂರ್ವ ಕಾಲೇಜು ಅಂತ ಹೆಸರು. ನಿಯಮ ಹೇಳುವುದು ತರಗತಿ, ನಾವು ತೋರಿಸುವುದು ಕಾಲೇಜಿನ ಬೋರ್ಡು. ಐಡಿ ಕಾರ್ಡಿನಲ್ಲಿ "ಕಾಲೇಜ್" ಅಂತ ದೊಡ್ಡದಾಗಿ ಇರುತ್ತದೆ, ದ್ವಿತೀಯ ಪಿಯುಸಿ ಅಂದರೆ ಹನ್ನೆರಡನೇ ತರಗತಿ ಅಂತ ಎಲ್ಲೂ ಇರುವುದಿಲ್ಲ. ಹಾಗಾಗಿ ಪ್ರಮಾಣಪತ್ರದಲ್ಲಿ "12ನೇ ತರಗತಿ, ದ್ವಿತೀಯ ಪಿಯುಸಿ" ಎಂದು ಎರಡನ್ನೂ ಬರೆಸಿ. ಈ ಎರಡು ಶಬ್ದಗಳಿಗೆ ತಿಂಗಳ ಪಾಸಿನ ಬೆಲೆ ಇದೆ.

ಇನ್ನೊಂದು, ವಿದ್ಯಾರ್ಥಿ ಒಬ್ಬನೇ ಹೋಗಿ ಅರ್ಜಿ ಹಾಕಿದರೆ ಆಗುವುದಿಲ್ಲ. ರಿಯಾಯಿತಿ ಫಾರಂನ ಪುಸ್ತಕವನ್ನು ಮಾನ್ಯತೆ ಇರುವ ಸಂಸ್ಥೆಯೇ ರೈಲ್ವೆ ವಿಭಾಗದ ಕಚೇರಿಯಿಂದ ತರಿಸಿಕೊಳ್ಳಬೇಕು. ಪ್ರಾಂಶುಪಾಲರ ಸಹಿ, ಮುದ್ರೆ ಬೇಕು. ಯಾರೂ ಕೇಳದಿದ್ದರೆ ಕಚೇರಿ ತರಿಸುವುದಿಲ್ಲ, ಕಚೇರಿಯಲ್ಲಿ ಫಾರಂ ಕಾಣದಿದ್ದರೆ ಯಾರೂ ಕೇಳುವುದಿಲ್ಲ. ಕೋಳಿ ಮೊದಲೋ ಮೊಟ್ಟೆ ಮೊದಲೋ ಅನ್ನುವ ಕಥೆ.

ಹುಡುಗಿಯರ ವಿಷಯ ಇನ್ನೂ ದೊಡ್ಡದು. ಶಕ್ತಿ ಯೋಜನೆ 2023ರ ಜೂನ್ 11ರಿಂದ ಇದೆ, ಸಾಮಾನ್ಯ ಸರ್ಕಾರಿ ಬಸ್ಸು ಉಚಿತ, ಮತ್ತೆ ರೈಲು ಯಾಕೆ ಅಂತ ನನ್ನ ಚಿಕ್ಕಪ್ಪನ ಮಗಳನ್ನು ಕೇಳಿದೆ. "ದುಡ್ಡು ಉಚಿತ, ಟೈಮ್ ಉಚಿತ ಅಲ್ಲ" ಅಂದಳು. ತುಮಕೂರು ರಸ್ತೆಯ ಪೀಣ್ಯ ಮೇಲ್ಸೇತುವೆಯಲ್ಲಿ ದೋಷ ಕಂಡು 2021ರ ಡಿಸೆಂಬರಿನಲ್ಲಿ ಮುಚ್ಚಿದ ಮೇಲೆ ಭಾರಿ ವಾಹನಗಳು ಎರಡು ವರ್ಷಕ್ಕೂ ಹೆಚ್ಚು ಕಾಲ ಕೆಳಗಿನ ರಸ್ತೆಯಲ್ಲೇ ತೆವಳಿದವು. ಇವತ್ತೂ ಜಾಲಹಳ್ಳಿ ಕ್ರಾಸಿನಲ್ಲಿ ಬಸ್ಸು ಯಾವಾಗ ಬರುತ್ತದೆ ಅಂತ ಹೇಳಲು ಆಗುವುದಿಲ್ಲ. ರೈಲೂ ಕ್ರಾಸಿಂಗ್ ಅಂತ ನಿಲ್ಲುತ್ತದೆ, ಆದರೆ ಸಂಜೆ ಇಷ್ಟು ಗಂಟೆಗೆ ಮನೆ ಅಂತ ಸುಮಾರಾಗಿ ಹೇಳಬಹುದು. ನಮ್ಮ ಮನೆಗಳಲ್ಲಿ ಹುಡುಗಿ ಪಿಯುಸಿ ನಂತರ ಓದಬೇಕೋ ಬೇಡವೋ ಅನ್ನುವ ಮಾತು ಬಂದಾಗ ಅಂಕಗಳ ಬಗ್ಗೆ ಅಷ್ಟು ಚರ್ಚೆ ಆಗುವುದಿಲ್ಲ. "ದೂರ್ ಹೈ" ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಪದವಿಯವರೆಗೆ ಖರ್ಚಿಲ್ಲ, ಬರುವ ಹೊತ್ತು ಗೊತ್ತು, ಅದೇ ಬೋಗಿಯಲ್ಲಿ ಪರಿಚಯದ ಹೆಂಗಸರು ಇರುತ್ತಾರೆ ಎಂದು ಹೇಳಿದಾಗ ನನ್ನ ದಾದಿ ಒಪ್ಪಿದರು. ಚಿಕ್ಕಪ್ಪ ಇನ್ನೂ ಯೋಚಿಸುತ್ತಿದ್ದಾರೆ.

ಇಳಿಯುವುದು ಎಲ್ಲಿ? ಜಾಲಹಳ್ಳಿಗೆ ಸ್ವಂತ ರೈಲು ನಿಲ್ದಾಣ ಇಲ್ಲ. ಬಿಇಎಲ್, ಎಚ್‌ಎಂಟಿ ಇಷ್ಟು ದೊಡ್ಡ ಕಾರ್ಖಾನೆಗಳು 1950ರ ದಶಕದಲ್ಲೇ ಬಂದ ಊರು, ಆದರೂ ಇಲ್ಲ. ಚಿಕ್ಕಬಾಣಾವರದಲ್ಲಿ ಇಳಿದು ಬಸ್ಸು ಹಿಡಿಯಬಹುದು. ಅಥವಾ ಯಶವಂತಪುರದವರೆಗೆ ಹೋಗಿ ಹಸಿರು ಮಾರ್ಗದ ಮೆಟ್ರೋದಲ್ಲಿ ಹಿಂದಕ್ಕೆ ಬರಬಹುದು: ಗೊರಗುಂಟೆಪಾಳ್ಯ, ಪೀಣ್ಯ, ಪೀಣ್ಯ ಇಂಡಸ್ಟ್ರಿ, ನಾಲ್ಕನೆಯದು ಜಾಲಹಳ್ಳಿ. ಮೆಟ್ರೋದಲ್ಲಿ ರೈಲ್ವೆ ಪಾಸೂ ನಡೆಯುವುದಿಲ್ಲ, ಶಕ್ತಿಯೂ ನಡೆಯುವುದಿಲ್ಲ, ಸ್ಮಾರ್ಟ್ ಕಾರ್ಡಿಗೆ ಶೇ. 5 ಕಡಿತ ಇದೆ ಅಷ್ಟೇ. ನನ್ನ ಮಟ್ಟಿಗೆ ಚಿಕ್ಕಬಾಣಾವರವೇ ಸರಿ, ಮಳೆ ಬಂದ ದಿನ ಬಿಟ್ಟು.

ಉಪನಗರ ರೈಲು ಬಂದರೆ ಇದು ಬದಲಾಗಬೇಕು. 148 ಕಿಲೋಮೀಟರಿನ ಆ ಯೋಜನೆಗೆ ಪ್ರಧಾನಿ ಅಡಿಗಲ್ಲು ಹಾಕಿದ್ದು 2022ರ ಜೂನ್ 20ರಂದು, ನಾನಾಗ ಹೈಸ್ಕೂಲಿನಲ್ಲಿದ್ದೆ. ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರದ ಮಲ್ಲಿಗೆ ಮಾರ್ಗದಲ್ಲಿ ಜಾಲಹಳ್ಳಿ, ಶೆಟ್ಟಿಹಳ್ಳಿ ಹೆಸರಿನ ನಿಲ್ದಾಣಗಳೂ ಇವೆ. 40 ತಿಂಗಳಲ್ಲಿ ಮುಗಿಸುವ ಮಾತಿತ್ತು. ನನ್ನ ಉಚಿತ ಪಾಸ್ ಅಂತೂ ದ್ವಿತೀಯ ಪಿಯು ಜೊತೆಗೇ ಮುಗಿಯುತ್ತದೆ. ಇದನ್ನು ಓದುವ ಪ್ರಥಮ ಪಿಯುನವರಿಗೆ ಇನ್ನೂ ಒಂದು ವರ್ಷ ಇದೆ.

ಫಾರಂ ಪುಸ್ತಕ ತರಿಸಲು ಕಚೇರಿಗೆ ನಾವು ಆರು ಜನ ಹೆಸರು ಬರೆದುಕೊಟ್ಟಿದ್ದೇವೆ, ಅದರಲ್ಲಿ ನಾಲ್ವರು ಹುಡುಗಿಯರು. ಸೇರುವವರು ವಾಣಿಜ್ಯ ವಿಭಾಗದ ತರಗತಿ ಪ್ರತಿನಿಧಿಗಳ ಹತ್ತಿರ ಹೆಸರು ಕೊಡಿ. ಊರಿನ ಹೆಸರು ಬರೆಯಬೇಡಿ, ಮನೆಗೆ ಹತ್ತಿರದ ನಿಲ್ದಾಣದ ಹೆಸರು ಬರೆಯಿರಿ. ಪಾಸ್ ಕೊಡುವುದು ನಿಲ್ದಾಣದಿಂದ ನಿಲ್ದಾಣಕ್ಕೆ.