ಮಣ್ಣಿಲ್ಲದೆ ಲೆಮನ್ ಬಾಮ್ ಸೊಪ್ಪಿನ ಬೇಸಾಯ

ಮಣ್ಣಿನ ನೆರವಿಲ್ಲದೆ ಬರಿಯ ನೀರಿನಲ್ಲಿ ಸೊಪ್ಪನ್ನು ಬೆಳೆಯಬಹುದೆಂದರೆ ಅನುಭವಸ್ಥನಾದ ಬೇಸಾಯಗಾರನು ನಗುವುದು ಸಹಜವೇ. ಆ ನಗೆಯಲ್ಲಿ ಅರ್ಧ ಸತ್ಯವೂ ಉಂಟು. ಬರಿಯ ನೀರು ಸಸ್ಯಕ್ಕೆ ಆಹಾರವಲ್ಲ. ಇದನ್ನು ಮರೆತು ಕೈಹಾಕಿದವರೇ ನಷ್ಟಪಡುವರು.

ಇಂಗ್ಲೆಂಡಿನ ಜಾನ್ ವುಡ್‌ವರ್ಡ್ ಎಂಬ ವಿದ್ವಾಂಸನು ಪುದೀನದ ಸಸಿಗಳನ್ನು ಬಟ್ಟಿಯಿಳಿಸಿದ ನೀರಿನಲ್ಲಿಯೂ, ಕಾಲುವೆಯ ನೀರಿನಲ್ಲಿಯೂ, ತೋಟದ ಮಣ್ಣು ಬೆರೆಸಿದ ನೀರಿನಲ್ಲಿಯೂ ಬೆಳೆಸಿ, ತೂಕಮಾಡಿ, 1699ರಲ್ಲಿ ಫಲವನ್ನು ಪ್ರಕಟಿಸಿದನು. ಬಟ್ಟಿಯಿಳಿಸಿದ ನೀರಿನ ಸಸಿಯೇ ಇವುಗಳಲ್ಲಿ ಕಡಮೆ ಬೆಳೆದಿತ್ತು. ಮಣ್ಣು ಬೆರೆತ ನೀರಿನದು ಹುಲುಸಾಗಿತ್ತು. ಮಣ್ಣಿನಿಂದ ಸಸ್ಯವು ಪಡೆಯುವ ಲವಣಗಳು ಯಾವುವೆಂಬುದನ್ನು ಜರ್ಮನಿಯ ಸಾಕ್ಸ್ ಮತ್ತು ಕ್ನಾಪ್ ಎಂಬವರು 1860ರ ದಶಕದಲ್ಲಿ ವಿಶದಪಡಿಸಿದರು. 1946ರಲ್ಲಿ ಬಂಗಾಳದ ಕಾಲಿಂಪಾಂಗ್‌ನಲ್ಲಿ ಷೋಲ್ಟೋ ಡಗ್ಲಾಸ್ ಎಂಬವರು ಈ ಪದ್ಧತಿಯ ಪ್ರಯೋಗಗಳನ್ನು ನಡೆಸಿದರು. ಇದಕ್ಕೆ ಹೈಡ್ರೋಪೋನಿಕ್ಸ್ ಎಂದು ಹೆಸರು.

ಲೆಮನ್ ಬಾಮ್ ಎಂಬುದು ಪುದೀನ, ತುಳಸಿಗಳ ಕುಟುಂಬದ ಗಿಡ; ನಿಂಬೆಯ ವಾಸನೆಯುಳ್ಳದ್ದು. ನಿಂಬೆಹುಲ್ಲೇ ಬೇರೆ, ಇದೇ ಬೇರೆ. ಇದರ ತವರು ದಕ್ಷಿಣ ಯೂರೋಪು ಮತ್ತು ಪಶ್ಚಿಮ ಏಷ್ಯ. ಎಲೆಯನ್ನು ಕಷಾಯಕ್ಕೂ ಚಹಕ್ಕೂ ಬಳಸುವರು. ತಂಪು ಹವೆ ಇದಕ್ಕೆ ಹಿತ. ಕಡು ಬಿಸಿಲಿನಲ್ಲಿ ಎಲೆಯ ಅಂಚು ಸುಡುವುದರಿಂದ ಮಧ್ಯಾಹ್ನದಲ್ಲಿ ನೆರಳಿರತಕ್ಕದ್ದು.

ಮನೆಯ ಬಳಕೆಗೆ ಪಂಪಿಲ್ಲದ ಸುಲಭ ಕ್ರಮವೊಂದುಂಟು. ಹವಾಯಿ ವಿಶ್ವವಿದ್ಯಾನಿಲಯದ ಕ್ರಾಟ್ಕಿಯವರು ಇದನ್ನು ಪ್ರಚಾರಕ್ಕೆ ತಂದರು. ಬೆಳಕು ತೂರದ, ಮುಚ್ಚಳವುಳ್ಳ ಪಾತ್ರೆಯಲ್ಲಿ ಲವಣದ ನೀರನ್ನು ತುಂಬಿ, ಮುಚ್ಚಳದ ರಂಧ್ರದಲ್ಲಿ ತೆಂಗಿನ ನಾರಿನೊಡನೆ ಸಸಿಯನ್ನು ನಿಲ್ಲಿಸಬೇಕು. ಬೆಳಕು ಬಿದ್ದರೆ ನೀರಿನಲ್ಲಿ ಪಾಚಿ ಕಟ್ಟುವುದು. ಸಂದು ಉಳಿದರೆ ಸೊಳ್ಳೆ ಮರಿಮಾಡುವುದು. ಸಸಿಯು ನೀರನ್ನು ಕುಡಿದಂತೆ ಮಟ್ಟವಿಳಿದು, ಮೇಲಿನ ಬೇರುಗಳಿಗೆ ಗಾಳಿ ದೊರೆಯುವುದು. ಮತ್ತೆ ನೀರೆರೆಯುವಾಗ ಪಾತ್ರೆಯನ್ನು ಕಂಠದವರೆಗೆ ತುಂಬಬಾರದು. ಗಾಳಿಗೆ ಒಗ್ಗಿದ ಬೇರು ಮುಳುಗಿದರೆ ಗಿಡವು ಸೊರಗುವುದು.

ಬೀಜವು ಅತಿ ಸಣ್ಣದು. ಮೊಳೆಯಲು ಬೆಳಕು ಬೇಕಾದುದರಿಂದ ಹೂಳಬಾರದು. ಪುದೀನದಂತೆ ಕಡ್ಡಿಯಿಂದಲೂ ಬೇರು ಬರುವುದು.

ಮುಖ್ಯವಾದ ಎಚ್ಚರಿಕೆ ಗೊಬ್ಬರದ ವಿಷಯವಾದುದು. ಹೊಲದ ಅಭ್ಯಾಸದಿಂದ ಯೂರಿಯವನ್ನಾಗಲಿ ಸಗಣಿಯ ನೀರನ್ನಾಗಲಿ ಪಾತ್ರೆಗೆ ಹಾಕಬಾರದು. ಮಣ್ಣಿನಲ್ಲಿ ಯೂರಿಯವನ್ನು ಮಾರ್ಪಡಿಸುವ ಸೂಕ್ಷ್ಮಜೀವಿಗಳು ಆ ನೀರಿನಲ್ಲಿ ಸಾಕಷ್ಟಿರುವುದಿಲ್ಲ. ಸಗಣಿಯು ಕೊಳೆತು ಬೇರಿನ ಪ್ರಾಣವಾಯುವನ್ನೇ ಕಸಿಯುವುದು. ಈ ಕೆಲಸಕ್ಕೆಂದೇ ಮಾರುವ ಲವಣಗಳನ್ನು ಹೇಳಿದ ಪ್ರಮಾಣದಲ್ಲಿ ಕರಗಿಸಬೇಕು. ಸುಣ್ಣಾಂಶದ ನೈಟ್ರೇಟನ್ನೂ ಫಾಸ್ಫೇಟು, ಸಲ್ಫೇಟುಗಳನ್ನೂ ಗಟ್ಟಿ ದ್ರಾವಣವಾಗಿ ಒಟ್ಟಿಗೆ ಬೆರೆಸಿದರೆ ಗಸಿ ಕಟ್ಟಿ ವ್ಯರ್ಥವಾಗುವುದು. ನೀರಿನ ಆಮ್ಲತೆಯ ಅಂಕವು 5.5ರಿಂದ 6.5ರ ನಡುವೆ ಇರುವುದು ಲೇಸು.

ಹೂ ಬಿಡುವ ಮೊದಲೇ ಕುಡಿಗಳನ್ನು ಕತ್ತರಿಸಿದರೆ ವಾಸನೆ ಹೆಚ್ಚು; ಗಿಡವು ಮತ್ತೆ ಕವಲೊಡೆಯುವುದು. ಬಳಸಿ ಉಳಿದ ನೀರನ್ನು ಬಾಳೆ, ತೆಂಗುಗಳ ಬುಡಕ್ಕೆ ಹಾಕಬೇಕೇ ಹೊರತು ಬಾವಿಯ ಬಳಿ ಚೆಲ್ಲಬಾರದು. ಕುಡಿಯುವ ನೀರಿಗೆ ನೈಟ್ರೇಟು ಸೇರಿದರೆ ಹಸುಗೂಸುಗಳಿಗೆ ಅಪಾಯ.

ರಾಗಿ, ಭತ್ತಗಳ ಹೊಲಕ್ಕೆ ಇದು ಬದಲಲ್ಲ. ಮಣ್ಣಿಲ್ಲದ ಹಿತ್ತಲಿಗೂ ಮಾಳಿಗೆಗೂ ಮಾತ್ರ ಇದು ಒಪ್ಪುವುದು. ಗ್ರಾಮದ ಮುಖಂಡರೂ ಜಮೀನುದಾರರೂ ಮೊದಲು ಒಂದೇ ಪಾತ್ರೆಯಲ್ಲಿ ಬೆಳೆದು, ಖರ್ಚನ್ನೂ ಸೊಪ್ಪನ್ನೂ ತೂಗಿ ನೋಡಿ, ಆಮೇಲೆ ಇತರರಿಗೆ ಹೇಳುವುದು ಉಚಿತ.